ಕಾರು ಕಾಯಲಿ, ಮಗಳೇ

ಚಿ. ಸ್ಫೂರ್ತಿಗೆ,

ಡೆಟ್ರಾಯ್ಟಿನಿಂದ ನಿನ್ನ ಸೋದರಮಾವನ ಆಶೀರ್ವಾದಗಳು.

ಮೊನ್ನೆ ರಾತ್ರಿ ನಿನ್ನ ಅಮ್ಮ ಹಾಸನದಿಂದ ಫೋನ್ ಮಾಡಿದ್ದಳು. ನಾನು ಹಲೋ ಅನ್ನುವ ಮೊದಲೇ ಶುರುವಾಯಿತು. "ಅಣ್ಣಾ, ಇವಳು ಎರಡೇ ಸೀಟಿನ ಕಾರು ತಗೋತಾಳಂತೆ. ಅದಕ್ಕೆ ಮೇಲೆ ಸೂರೂ ಬಟ್ಟೇದಂತೆ. ನಾವು ಅಲ್ಲಿಗೆ ಬಂದರೆ ಇವರನ್ನ ಎಲ್ಲಿ ಕೂರಿಸೋದು?" ನಾನು ಹೇಳಿದೆ, ನೀವು ಬಂದಾಗ ಬಾಡಿಗೆಗೆ ದೊಡ್ಡ ಕಾರು ಸಿಗುತ್ತದೆ ಕಣೇ, ಹುಡುಗಿ ಚಿಕ್ಕಂದಿನಿಂದ ಆಸೆಪಟ್ಟಿದ್ದನ್ನು ತಾನು ದುಡಿದ ದುಡ್ಡಿನಲ್ಲಿ ಕೊಳ್ಳುತ್ತಿದ್ದಾಳೆ, ಕೊಳ್ಳಲಿ ಬಿಡು ಎಂದು. ಅಷ್ಟು ತಗ್ಗಿನ ಕಾರಿಗೆ ಇಳಿದು ಹತ್ತಲು ಮೊಣಕಾಲು ಗಟ್ಟಿ ಇರಬೇಕು. ನನ್ನ ವಯಸ್ಸಿಗೆ ಬಂದಮೇಲೆ ಕೊಂಡು ಏನು ಮಾಡುತ್ತೀ? ನಿನ್ನ ಅಮ್ಮ ಪೂರ್ತಿ ಒಪ್ಪಲಿಲ್ಲ. ಆದರೆ ಫೋನ್ ಇಡುವಾಗ "ಏನು ಬಣ್ಣವಂತೆ?" ಎಂದು ಕೇಳಿದಳು. ಆದ್ದರಿಂದ ಆ ಕಡೆಯ ಚಿಂತೆ ನಿನಗೆ ಬೇಡ.

ನನಗೆ ಚಿಂತೆ ಹತ್ತಿದ್ದು ನಿನ್ನ ಮೆಸೇಜ್ ನೋಡಿದ ಮೇಲೆ. "ಮಾವ, ಶನಿವಾರ ಹೋಗಿ ತಗೊಂಡೇ ಬರ್ತೀನಿ. ಮಿಯಾಟಾ, ಸೋಲ್ ರೆಡ್ ಬಣ್ಣ, ಮ್ಯಾನ್ಯುಯಲ್ ಗೇರು. ಚೌಕಾಸಿ ಎಲ್ಲ ನನ್ನಿಂದ ಆಗಲ್ಲ, ನಾಚಿಕೆ ಆಗುತ್ತೆ. ಅವರು ಹೇಳಿದಷ್ಟು ಕೊಟ್ಟುಬಿಡ್ತೀನಿ" ಎಂದು ಬರೆದಿದ್ದೆ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿಸಿಕೊಂಡು "ಸರಿ ಮಾವ" ಅಂದುಬಿಡುತ್ತೀ. ಅದಕ್ಕೇ ಕಾಗದ ಬರೆಯಲು ಕೂತೆ. ಇದರ ಫೋಟೋ ತೆಗೆದು ಕಳಿಸುತ್ತೇನೆ. ಕಾಫಿ ಮಾಡಿಕೊಂಡು ನಿಧಾನವಾಗಿ ಓದು.

ಮೊದಲು ನಾಚಿಕೆಯ ಮಾತು. ನಾನು ಇಷ್ಟು ವರ್ಷ ಮಾಡಿದ ಕೆಲಸ ಏನು ಎಂದು ನಿನಗೆ ಯಾರೂ ಬಿಡಿಸಿ ಹೇಳಿರಲಾರರು. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ವೆಚ್ಚದ ಲೆಕ್ಕ ಹಾಕುವುದು ನನ್ನ ಕೆಲಸವಾಗಿತ್ತು. ಕಾರು ಕಂಪನಿಯವರು ಪ್ರತಿವರ್ಷ ನಮ್ಮನ್ನು ಕೂರಿಸಿಕೊಂಡು, ಕಳೆದ ವರ್ಷದ ಬೆಲೆಗಿಂತ ಈ ವರ್ಷ ಇಷ್ಟು ಇಳಿಸಿ ಎನ್ನುತ್ತಿದ್ದರು. ಒಂದು ಸಣ್ಣ ಬ್ರಾಕೆಟ್ಟಿನ ಬೆಲೆಯಲ್ಲಿ ಎರಡು ಸೆಂಟು ಇಳಿಸಲು ಬೆಳಗಿನಿಂದ ಸಂಜೆಯವರೆಗೆ ಮಾತು ನಡೆಯುತ್ತಿತ್ತು. ನಾವು ನಮ್ಮ ಉಕ್ಕಿನವನ ಹತ್ತಿರ ಅದನ್ನೇ ಮಾಡುತ್ತಿದ್ದೆವು. ಯಾರೂ ಯಾರನ್ನೂ ಜಿಪುಣ ಎಂದು ತಿಳಿಯಲಿಲ್ಲ. ಸಂಜೆ ಒಟ್ಟಿಗೆ ಊಟಕ್ಕೆ ಹೋಗುತ್ತಿದ್ದೆವು. ನೀನು ಕೊಳ್ಳುವ ಕಾರಿನ ಒಂದೊಂದು ಬೋಲ್ಟಿನ ಬೆಲೆಯೂ ಹೀಗೆ ಕೇಳಿ, ಇಳಿಸಿ ಗೊತ್ತಾದದ್ದು. ಆ ಸಾಲಿನ ಕೊನೆಯಲ್ಲಿ ನಿಂತಿರುವ ನೀನೊಬ್ಬಳೇ ಯಾಕೆ ಬಾಯಿ ಮುಚ್ಚಿಕೊಂಡು ಕೊಡಬೇಕು, ಹೇಳು?

ನೀನು ಆರಿಸಿಕೊಂಡ ಕಾರಿನ ಕಥೆ ನನಗೆ ಚೆನ್ನಾಗಿ ನೆನಪಿದೆ. 1989ರ ಫೆಬ್ರವರಿಯಲ್ಲಿ ಮಜ್ದಾದವರು ಅದನ್ನು ಶಿಕಾಗೋ ಆಟೋ ಷೋದಲ್ಲಿ ತೋರಿಸಿದಾಗ ನಾನು ಈ ದೇಶಕ್ಕೆ ಬಂದ ಹೊಸತು. ಹಳೆಯ ಬ್ರಿಟಿಷ್ ಕಾರುಗಳ ಹಾಗೆ ಪುಟ್ಟದು, ಹಗುರ, ಮೇಲ್ಗಡೆ ಬಟ್ಟೆ. ಆದರೆ ಅವುಗಳ ಹಾಗೆ ಎಣ್ಣೆ ಸೋರುವುದಿಲ್ಲ, ದಾರಿಯಲ್ಲಿ ಕೈಕೊಡುವುದಿಲ್ಲ. ಕಂಪನಿ ಇಟ್ಟ ಆರಂಭದ ಬೆಲೆ 13,800 ಡಾಲರ್. ಆ ಬೆಲೆಗೆ ಅದು ಸಿಕ್ಕವರು ಕಡಿಮೆ. ಜನ ಮುಗಿಬಿದ್ದರು, ಡೀಲರುಗಳು ಮೇಲೆ ಸಾವಿರಾರು ಡಾಲರ್ ಏರಿಸಿದರು. ಅದಕ್ಕೂ 20 ವರ್ಷ ಹಿಂದೆ ಡಾಟ್ಸನ್ 240 ಜೆಡ್ ಬಂದಾಗಲೂ ಇದೇ ಕಥೆ ನಡೆದಿತ್ತಂತೆ. ನಮ್ಮ ಆಫೀಸಿನಲ್ಲಿ ಒಬ್ಬರು ಹಾಗೆ ಮೇಲೆ ಕೊಟ್ಟು ಕೆಂಪು ಮಿಯಾಟಾ ತಂದರು. ಆಮೇಲೆ ನೂಕುನುಗ್ಗಲು ಇಳಿಯಿತು. ಅದೇ ಕಾರು, ಅದೇ ಬಣ್ಣ ಶೋರೂಮಿನ ಅಂಗಳದಲ್ಲಿ ಸಾಲಾಗಿ ನಿಂತಿರುವುದನ್ನು ನೋಡಿ ಅವರು ಬಹಳ ಹೊತ್ತು ಮಾತಾಡಲಿಲ್ಲ.

ನನಗೆ ಆಗ ನೆನಪಾದದ್ದು ನಮ್ಮಪ್ಪ, ಅಂದರೆ ನಿನ್ನ ತಾತ. ಅವರು ಬಜಾಜ್ ಚೇತಕ್ ಸ್ಕೂಟರಿಗೆ ದುಡ್ಡು ಕಟ್ಟಿ ಹೆಸರು ಬರೆಸಿದ್ದರು. ಆ ಕಾಲದಲ್ಲಿ ಸ್ಕೂಟರ್ ಬೇಕೆಂದರೆ ವರ್ಷಗಟ್ಟಲೆ ಕಾಯಬೇಕಾಗಿತ್ತು. ಕಾಯಲಾರದವರು ಸರದಿ ಬಂದವರ ಹತ್ತಿರ ಮೇಲೆ ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಹೊಸ ಗಾಡಿಗಿಂತ ಒಂದು ದಿನ ಓಡಿಸಿದ ಗಾಡಿಗೆ ಬೆಲೆ ಹೆಚ್ಚು. ತಾತ ಮೇಲೆ ಕೊಡುವ ಪೈಕಿ ಅಲ್ಲ. ತಿಂಗಳಿಗೊಮ್ಮೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಡೀಲರ್ ಹತ್ತಿರ ಹೋಗಿ, ನಿಂತೇ ವಿಚಾರಿಸಿಕೊಂಡು ಬರುತ್ತಿದ್ದರು. ಕೂರಿ ಎಂದು ಅಲ್ಲಿ ಯಾರೂ ಹೇಳುತ್ತಿರಲಿಲ್ಲ. ಸ್ಕೂಟರ್ ಮನೆಗೆ ಬರುವ ಹೊತ್ತಿಗೆ ನಿನ್ನ ಅಮ್ಮ ಹೈಸ್ಕೂಲು ಮುಗಿಸಿದ್ದಳು.

ನಮ್ಮಮ್ಮನ ರೀತಿ ಬೇರೆ. ಅವರು ಸೀರೆ ಕೊಳ್ಳುತ್ತಿದ್ದದ್ದು ಆಷಾಢದಲ್ಲಿ. ಮದುವೆ ಮುಂಜಿ ಒಂದೂ ಇಲ್ಲ, ಅಂಗಡಿಯಲ್ಲಿ ನೊಣ ಹೊಡೆಯುತ್ತಾ ಕೂತಿರುತ್ತಾರೆ, ಶ್ರಾವಣಕ್ಕೆ ಹೊಸ ಮಾಲು ತರಿಸಲು ದುಡ್ಡು ಬೇಕು. ವೈಶಾಖದಲ್ಲಿ ತಿರುಗಿಯೂ ನೋಡದಿದ್ದ ಅಂಗಡಿಯವನು ಆಗ ಚಾಪೆ ಹಾಸಿ, ನೀರು ಕೊಟ್ಟು, "ಅಮ್ಮಾವ್ರೇ, ನೀವೇ ಒಂದು ಬೆಲೆ ಹೇಳಿ" ಅನ್ನುತ್ತಿದ್ದ. ಅಮ್ಮ ದನಿ ಏರಿಸಿದ್ದನ್ನು ನಾನು ನೋಡಿಲ್ಲ. ಬೆಲೆ ಹೇಳಿ, ಸೆರಗು ಸರಿಮಾಡಿಕೊಂಡು ಸುಮ್ಮನೆ ಕೂರುತ್ತಿದ್ದರು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ರಿಯಾಯಿತಿ ಎನ್ನುವುದು ಮಾತಿನ ಚಾತುರ್ಯದಿಂದ ಬರುತ್ತದೆ ಎಂದು ನೀನು ತಿಳಿದಿದ್ದೀ. ಅದು ಬರುವುದು ಕಾಯುವಿಕೆಯಿಂದ. ಕೊಳ್ಳುವವನು ಕಾಯುತ್ತಿದ್ದರೆ ಬೆಲೆ ಏರುತ್ತದೆ, ಸರಕು ಕಾಯುತ್ತಿದ್ದರೆ ಬೆಲೆ ಇಳಿಯುತ್ತದೆ. ಶೋರೂಮಿಗೆ ಕಾಲಿಡುವ ಮೊದಲು ನೀನು ತಿಳಿದುಕೊಳ್ಳಬೇಕಾದದ್ದು ಇಷ್ಟೇ: ಈಗ ಕಾಯುತ್ತಿರುವುದು ಕಾರೋ, ನೀನೋ?

ಕಾರು ಕಾಯುವುದಕ್ಕೂ ಒಂದು ಬೆಲೆಯಿದೆ, ಅದನ್ನು ಡೀಲರ್ ಕೊಡುತ್ತಾನೆ. ಅಂಗಳದಲ್ಲಿ ನಿಂತ ಅಷ್ಟೂ ಕಾರುಗಳನ್ನು ಅವನು ಕೈಯಿಂದ ದುಡ್ಡು ಹಾಕಿ ತಂದಿರುವುದಿಲ್ಲ. ಹೆಚ್ಚಿನವು ಸಾಲದ ಮೇಲೆ ಬಂದಿರುತ್ತವೆ; ಫ್ಲೋರ್ ಪ್ಲಾನ್ ಎನ್ನುತ್ತಾರೆ. ಕಾರು ಮಾರುವ ತನಕ ಬಡ್ಡಿ ಓಡುತ್ತಲೇ ಇರುತ್ತದೆ. 33,000 ಡಾಲರಿನ ಕಾರು, ಬಡ್ಡಿ ಶೇ 7 ಎಂದಿಟ್ಟುಕೊಂಡರೆ ದಿನಕ್ಕೆ 6 ಡಾಲರಿಗೂ ಮೇಲೆ. ನಿನ್ನೆ ಬಂದಿಳಿದ ಕಾರಿನ ಮೇಲೆ ಅವನಿಗೆ ಅವಸರವಿಲ್ಲ. ನಾಲ್ಕೈದು ತಿಂಗಳಿಂದ ಬಿಸಿಲಲ್ಲಿ ನಿಂತ ಕಾರನ್ನು ಅವನು ದಿನಾ ಬೆಳಿಗ್ಗೆ ನೋಡುತ್ತಾನೆ. ನಿನಗೆ ಬೇಕಾದದ್ದು ಆ ಕಾರು.

ಅದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಟೆಸ್ಟ್ ಡ್ರೈವಿಗೆ ಹೋದಾಗ ಡ್ರೈವರ್ ಬಾಗಿಲು ತೆಗೆದು, ಬಾಗಿಲು ಬಂದು ಕೂರುವ ಕಂಬದ ಮೇಲೆ ಅಥವಾ ಬಾಗಿಲಂಚಿನಲ್ಲಿ ನೋಡು. ಒಂದು ಚೀಟಿ ಅಂಟಿಸಿರುತ್ತಾರೆ. ಅದರ ಮೇಲೆ ಆ ಕಾರು ತಯಾರಾದ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಕಾನೂನು ಪ್ರಕಾರ ಇರಲೇಬೇಕು. ಮಿಯಾಟಾ ಜಪಾನಿನ ಹಿರೋಷಿಮಾದಿಂದ ಹಡಗಿನಲ್ಲಿ ಬರುವುದರಿಂದ ಆ ಪ್ರಯಾಣದ ದಿನಗಳನ್ನು ಕಳೆದುಬಿಡು. ಉಳಿದದ್ದು ಅದು ಕಾದ ಕಾಲ. ಇನ್ನೊಂದು ಗುರುತು, ಮುಂದಿನ ಗಾಜಿನ ಕೆಳಮೂಲೆಯಲ್ಲಿ ಕಾಣುವ 17 ಅಕ್ಷರ–ಅಂಕಿಗಳ ವಿಐಎನ್. ಮೊದಲನೆಯದು ಜೆ ಇದ್ದರೆ ಜಪಾನಿನದು. ಹತ್ತನೆಯದು ಮಾಡೆಲ್ ವರ್ಷ ಹೇಳುತ್ತದೆ: ಎಸ್ ಎಂದರೆ 2025, ಟಿ ಎಂದರೆ 2026. ಹೊಸ ಮಾಡೆಲ್ ಬಂದು ನಿಂತಿರುವಾಗ ಹಳೆಯ ವರ್ಷದ ಕಾರು ಪಕ್ಕದಲ್ಲೇ ಇದ್ದರೆ ಅದಕ್ಕೆ ಆಷಾಢ ಬಂದಿದೆ ಎಂದೇ ತಿಳಿ. ಈ ತಲೆಮಾರಿನ ಮಿಯಾಟಾ ಅಮೆರಿಕದಲ್ಲಿ 2016ರ ಮಾಡೆಲ್ಲಾಗಿ ಬಂದದ್ದು. ಒಂದು ವರ್ಷದಿಂದ ಇನ್ನೊಂದಕ್ಕೆ ಬದಲಾಗುವುದು ಹೆಚ್ಚಾಗಿ ಸಣ್ಣಪುಟ್ಟದ್ದು. ಹಳೆಯದನ್ನು ತೆಗೆದುಕೊಂಡರೆ ಮುಂದೆ ಮಾರುವಾಗ ಒಂದು ವರ್ಷ ಹಳತು ಎಂದು ಲೆಕ್ಕವಾಗುತ್ತದೆ, ಅದಕ್ಕೆ ತಕ್ಕಷ್ಟು ಈಗಲೇ ಇಳಿಸಿಕೋ.

ಅಂಗಳದಲ್ಲಿ ಓಡಾಡಲು ಶನಿವಾರ ಬೇಡ, ಭಾನುವಾರ ಹೋಗು. ನಿಮ್ಮ ಟೆಕ್ಸಸ್‌ನಲ್ಲಿ ಶನಿವಾರ, ಭಾನುವಾರ ಎರಡೂ ದಿನ ಕಾರು ಮಾರುವ ಹಾಗಿಲ್ಲ, ಒಂದು ದಿನ ಮುಚ್ಚಲೇಬೇಕು ಎಂದು ಕಾನೂನಿದೆ. ಸಾಮಾನ್ಯವಾಗಿ ಭಾನುವಾರ ಮುಚ್ಚುತ್ತಾರೆ. ಆವತ್ತು ಯಾರೂ ಬೆನ್ನು ಹತ್ತುವುದಿಲ್ಲ. ಸಾಲುಸಾಲಾಗಿ ನಿಂತ ಕಾರುಗಳ ನಡುವೆ ಸುಮ್ಮನೆ ನಡೆದು, ಕಿಟಕಿಗೆ ಅಂಟಿಸಿದ ಚೀಟಿಗಳ ಫೋಟೋ ತೆಗೆದುಕೊಂಡು ಬಾ.

ಆ ಕಿಟಕಿ ಚೀಟಿಗೆ ಮನ್ರೋನಿ ಸ್ಟಿಕ್ಕರ್ ಎಂದು ಹೆಸರು. ಒಕ್ಲಹೋಮಾದ ಸೆನೆಟರ್ ಮೈಕ್ ಮನ್ರೋನಿ 1958ರಲ್ಲಿ ಕಾನೂನು ತರಿಸಿದರು. ಅದಕ್ಕೂ ಮೊದಲು ಹೊಸ ಕಾರಿಗೆ ಒಬ್ಬೊಬ್ಬರಿಗೆ ಒಂದೊಂದು ಬೆಲೆ ಹೇಳಿದರೂ ಕೇಳುವವರಿರಲಿಲ್ಲ. ಈಗ ಮೂಲ ಬೆಲೆ, ಅದರ ಮೇಲಿನ ಆಯ್ಕೆಗಳು, ಸಾಗಾಣಿಕೆ, ಒಟ್ಟು, ಎಲ್ಲ ಅಚ್ಚಾಗಿರಬೇಕು. ಕೊಂಡವರ ಕೈ ಸೇರುವ ತನಕ ಅದನ್ನು ಕೀಳುವ ಹಾಗಿಲ್ಲ. ಸೋಲ್ ರೆಡ್ ಬಣ್ಣಕ್ಕೆ ಮೇಲೆ ಕೊಡಬೇಕು ಎನ್ನುವುದೂ ಅಲ್ಲೇ ಕಾಣುತ್ತದೆ. ಅಲ್ಲಿರುವ ಒಟ್ಟು, ಕಂಪನಿ ಸೂಚಿಸಿದ ಬೆಲೆ ಮಾತ್ರ. ಅದಕ್ಕಿಂತ ಕಡಿಮೆಗೆ ಮಾರಲು ಡೀಲರಿಗೆ ಅಡ್ಡಿಯಿಲ್ಲ, ಹೆಚ್ಚಿಗೆ ಮಾರಲೂ ಅಡ್ಡಿಯಿಲ್ಲ.

ಅದರ ಪಕ್ಕದಲ್ಲಿ ಒಮ್ಮೊಮ್ಮೆ ಇನ್ನೊಂದು ಚೀಟಿ ಇರುತ್ತದೆ, ನೋಡಲು ಅಣ್ಣತಮ್ಮಂದಿರ ಹಾಗೆ. ಅದು ಡೀಲರ್ ತಾನೇ ಅಂಟಿಸಿದ್ದು. ಗಾಜಿಗೆ ಟಿಂಟ್, ಬಣ್ಣಕ್ಕೆ ರಕ್ಷಾ ಲೇಪ, ಟೈರಿಗೆ ನೈಟ್ರೋಜನ್, ಕೊನೆಗೆ ಮಾರ್ಕೆಟ್ ಅಡ್ಜಸ್ಟ್‌ಮೆಂಟ್ ಎಂದು ಒಂದು ಸಾಲು. ನಾವು ಉಸಿರಾಡುವ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ, ಮಗಳೇ. ಅದಕ್ಕೆ ನೂರಾರು ಡಾಲರ್ ಕೊಡಬೇಡ. ಮಾರ್ಕೆಟ್ ಅಡ್ಜಸ್ಟ್‌ಮೆಂಟ್ ಎನ್ನುವುದು ನಿನ್ನ ತಾತನ ಕಾಲದಲ್ಲಿ ಸ್ಕೂಟರಿಗೆ ಮೇಲೆ ಕೇಳುತ್ತಿದ್ದ ದುಡ್ಡೇ. ಅಂಥ ಚೀಟಿ ಇರುವ ಕಡೆ ಜಗಳ ಬೇಡ. "ಆ ಚೀಟಿಯಲ್ಲಿರುವುದು ನನಗೆ ಬೇಡ, ಅದಿಲ್ಲದ ಬೆಲೆ ಹೇಳಿ" ಎಂದು ಕೇಳು. ಆಗುವುದಿಲ್ಲ ಎಂದರೆ ನಮಸ್ಕಾರ ಹೇಳಿ ಬಾ.

ಈಗ ಬೆಲೆ ಕೇಳುವ ಬಗೆ. ಎದುರು ಕೂತು ಮಾತಾಡಲು ನಿನಗೆ ನಾಚಿಕೆ ಎಂದೆಯಲ್ಲ, ಒಳ್ಳೆಯದೇ ಆಯಿತು. ಕೂರಲೇಬೇಡ. ಮನೆಯಲ್ಲೇ ಇದ್ದು ಡಲ್ಲಾಸ್ ಸುತ್ತಮುತ್ತ, ಬೇಕಾದರೆ ಒಕ್ಲಹೋಮಾದ ತನಕ, ನಿನಗೆ ಬೇಕಾದ ಕಾರು ಇಟ್ಟುಕೊಂಡಿರುವ ಡೀಲರುಗಳಿಗೆಲ್ಲ ಒಂದೇ ಇಮೇಲ್ ಬರೆ. ಇಂಥ ವಿಐಎನ್ ಇರುವ ಈ ಕಾರು ನನಗೆ ಬೇಕು, ಟೆಕ್ಸಸ್‌ನಲ್ಲಿ ರಿಜಿಸ್ಟರ್ ಆಗಬೇಕು, ತೆರಿಗೆ, ಟೈಟಲ್, ಡಾಕ್ ಫೀ, ನೀವು ಸೇರಿಸುವ ಸಾಮಾನು ಎಲ್ಲ ಕೂಡಿ ಔಟ್ ದ ಡೋರ್ ಬೆಲೆ ಎಷ್ಟು, ಬಿಡಿಬಿಡಿಯಾಗಿ ಬರೆದು ಕಳಿಸಿ, ಇದೇ ಪ್ರಶ್ನೆಯನ್ನು ಬೇರೆ ಡೀಲರುಗಳಿಗೂ ಕೇಳಿದ್ದೇನೆ. ಇಷ್ಟೇ ಸಾಕು. ಕೆಲವರು ಉತ್ತರ ಕೊಡದೆ "ಶನಿವಾರ ಬನ್ನಿ, ಮಾತಾಡೋಣ" ಎನ್ನುತ್ತಾರೆ. ಅವರನ್ನು ಬಿಟ್ಟುಬಿಡು. ಬರೆದು ಕೊಟ್ಟವರಲ್ಲಿ ಕಡಿಮೆ ಹೇಳಿದವರ ಹಾಳೆಯನ್ನು ಮನೆಗೆ ಹತ್ತಿರವಿರುವ ಡೀಲರಿಗೆ ತೋರಿಸಿ, ಇದಕ್ಕೆ ಸಮ ಮಾಡಿದರೆ ನಿಮ್ಮಲ್ಲೇ ಕೊಳ್ಳುತ್ತೇನೆ ಎಂದು ಹೇಳು. ಹೇಳಿದ ಮೇಲೆ ಹಾಗೇ ನಡೆದುಕೋ. ಸಮ ಮಾಡಿದವರ ಹತ್ತಿರವೇ ಕೊಳ್ಳು.

ಔಟ್ ದ ಡೋರ್ ಬೆಲೆ ಒಂದನ್ನೇ ಹಿಡಿದುಕೋ ಎಂದು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಒಬ್ಬ ಕಾರಿಗೆ 31,500 ಎನ್ನುತ್ತಾನೆ ಎಂದುಕೋ. ಇನ್ನೊಬ್ಬ 32,200 ಎನ್ನುತ್ತಾನೆ. ಮೊದಲನೆಯವನೇ ಅಗ್ಗ ಎಂದು ಅನಿಸುತ್ತದೆ. ಆದರೆ ಅವನು ಕೊನೆಗೆ 1,400 ಡಾಲರಿನ ಟಿಂಟು, ಲೇಪ ಎಲ್ಲ ಸೇರಿಸಿದರೆ 32,900 ಆಯಿತು. ಟೆಕ್ಸಸ್ ತೆರಿಗೆ ಶೇ 6.25 ಸೇರಿ 34,956.25. ಎರಡನೆಯವನದು ತೆರಿಗೆ ಸೇರಿ 34,212.50. 700 ಡಾಲರ್ ಅಗ್ಗವಾಗಿ ಕಂಡದ್ದು 743.75 ಡಾಲರ್ ದುಬಾರಿಯಾಯಿತು. ತೆರಿಗೆ, ಟೈಟಲ್, ರಿಜಿಸ್ಟ್ರೇಷನ್ ಸರ್ಕಾರದ್ದು, ಅದರಲ್ಲಿ ಯಾರೂ ಇಳಿಸುವಂತಿಲ್ಲ. ಸಾಗಾಣಿಕೆ ಕಂಪನಿಯದು, ಎಲ್ಲರಿಗೂ ಒಂದೇ. ಡಾಕ್ ಫೀ ಎನ್ನುವುದು ಡೀಲರ್ ತನ್ನ ಕಾಗದಪತ್ರದ ಕೆಲಸಕ್ಕೆ ಹಾಕಿಕೊಳ್ಳುವುದು. ಅದನ್ನು ಬಿಡುವುದಿಲ್ಲ ಎಂದರೆ ಕಾರಿನ ಬೆಲೆಯಲ್ಲಿ ಅಷ್ಟು ಇಳಿಸಿ ಎಂದು ಕೇಳಬಹುದು. ಇನ್‌ವಾಯ್ಸ್ ಬೆಲೆಯೇ ಇಷ್ಟು, ನಮಗೆ ಒಂದು ಕಾಸೂ ಉಳಿಯುವುದಿಲ್ಲ ಎಂದು ಹಾಳೆ ತೋರಿಸಿದರೆ ಮರುಗಿಬಿಡಬೇಡ. ಹಲವು ಕಂಪನಿಗಳು ಕಾರು ಮಾರಿದ ಮೇಲೆ ಡೀಲರಿಗೆ ಶೇ 2–3ರಷ್ಟು ಹೋಲ್ಡ್‌ಬ್ಯಾಕ್ ಎಂದು ಹಿಂದಿರುಗಿಸುತ್ತವೆ. ತಿಂಗಳಿಗೆ ಇಷ್ಟು ಕಾರು ಮಾರಿದರೆ ಇಷ್ಟು ಬಹುಮಾನ ಎಂದೂ ಇರುತ್ತದೆ. ತಿಂಗಳ ಕೊನೆಯ ದಿನಗಳಲ್ಲಿ, ಅದರಲ್ಲೂ ಡಿಸೆಂಬರ್ ಕೊನೆಯಲ್ಲಿ, ಒಂದು ಕಾರು ಕಡಿಮೆ ಬಿದ್ದ ಡೀಲರಿಗೆ ನಿನ್ನ ಇಮೇಲ್ ಬೇಕಾಗಿರುತ್ತದೆ. ಈಗ ನವೆಂಬರ್. ಮೇಲ್ಚಾವಣಿ ತೆಗೆಯುವ ಕಾರು ಕೇಳುವವರು ಚಳಿಗಾಲದಲ್ಲಿ ಕಡಿಮೆ. ನೀನು ಒಂದೈದು ವಾರ ತಡೆದರೆ ನಷ್ಟವೇನು?

ನಿನ್ನ ಹಳೆಯ ಕರೋಲಾ ವಿಚಾರ ಬೇರೆಯಾಗಿಯೇ ಇಡು. ಹೊಸದರ ಬೆಲೆ ಬರಹದಲ್ಲಿ ಗಟ್ಟಿಯಾಗುವ ತನಕ ಅದರ ಸುದ್ದಿ ಎತ್ತಬೇಡ. ಒಂದೇ ಹಾಳೆಯಲ್ಲಿ ಎರಡೂ ಬಂದರೆ ಇಲ್ಲಿ ಇಳಿಸಿದ್ದನ್ನು ಅಲ್ಲಿ ಕಸಿದುಕೊಳ್ಳುತ್ತಾರೆ. ಮೊದಲು ಹಳೆ ಕಾರು ಕೊಳ್ಳುವ ಕಾರ್‌ಮ್ಯಾಕ್ಸ್‌ಗೆ ತೋರಿಸಿ ಬರಹದಲ್ಲಿ ಬೆಲೆ ತೆಗೆದುಕೋ, ಅದು 7 ದಿನ ನಿಲ್ಲುತ್ತದೆ. ಟೆಕ್ಸಸ್‌ನಲ್ಲಿ ಹಳೆ ಕಾರನ್ನು ಅದೇ ಡೀಲರಿಗೆ ಕೊಟ್ಟರೆ ಅದರ ಬೆಲೆ ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ. 10,000 ಡಾಲರಿನ ಹಳೆ ಕಾರಿಗೆ 625 ಡಾಲರ್ ತೆರಿಗೆ ಉಳಿಯುತ್ತದೆ. ಆದ್ದರಿಂದ ಡೀಲರ್ 9,500 ಕೊಟ್ಟರೂ ಹೊರಗಿನ 10,000ಕ್ಕಿಂತ ಸ್ವಲ್ಪ ಹೆಚ್ಚೇ ಆಗುತ್ತದೆ. ಲೆಕ್ಕ ಹಾಕಿ ನೋಡು.

ಇನ್ನು ಕೊನೆಯ ಕೋಣೆ. ಬೆಲೆ ಒಪ್ಪಿಗೆಯಾದ ಮೇಲೆ ನಿನ್ನನ್ನು ಫೈನಾನ್ಸ್ ಮ್ಯಾನೇಜರ್ ಹತ್ತಿರ ಕರೆದೊಯ್ಯುತ್ತಾರೆ. ಎಲ್ಲ ಮುಗಿಯಿತು ಎಂದು ಮನಸ್ಸು ಹಗುರಾಗಿರುತ್ತದೆ, ಹೊಟ್ಟೆ ಹಸಿದಿರುತ್ತದೆ, ಹೊರಗೆ ಕಾರು ತೊಳೆದು ನಿಲ್ಲಿಸಿರುತ್ತಾರೆ. ನನ್ನ ಮೊದಲ ಹೊಸ ಕಾರಿನಲ್ಲಿ ನಾನು ಬೆಲೆಯನ್ನು ಚೆನ್ನಾಗಿಯೇ ಇಳಿಸಿಕೊಂಡು, ಈ ಕೋಣೆಯಲ್ಲಿ ತುಕ್ಕು ಹಿಡಿಯದ ಲೇಪ, ಹೆಚ್ಚುವರಿ ವಾರಂಟಿ ಎಂದು ಉಳಿಸಿದ್ದೆಲ್ಲವನ್ನೂ ವಾಪಸು ಕೊಟ್ಟು ಬಂದೆ. ಅಲ್ಲಿ ಮಾತು ತಿಂಗಳ ಕಂತಿನ ಮೇಲೆ ನಡೆಯುತ್ತದೆ, "ತಿಂಗಳಿಗೆ 30 ಡಾಲರ್ ಅಷ್ಟೇ ಮೇಡಂ" ಎಂದು. 30,000 ಡಾಲರ್ ಸಾಲವನ್ನು 60 ತಿಂಗಳಿಗೆ ಶೇ 6ರಂತೆ ತೆಗೆದುಕೊಂಡರೆ ಕಂತು ಸುಮಾರು 580. ಶೇ 8 ಆದರೆ ಸುಮಾರು 608. ವ್ಯತ್ಯಾಸ ಬರೀ 28 ಎಂದು ಕಾಣುತ್ತದೆ, 5 ವರ್ಷಕ್ಕೆ 1,700 ಡಾಲರ್ ಆಗುತ್ತದೆ. ನೀನು ಒಂದೈದು ವಾರ ಓಡಾಡಿ ಗಳಿಸಿದ ರಿಯಾಯಿತಿ ಅಲ್ಲೇ ಕರಗಿಹೋಯಿತು. ಕಂತು ಹೆಚ್ಚಾಯಿತು ಎಂದರೆ "72 ತಿಂಗಳು ಮಾಡೋಣ" ಎನ್ನುತ್ತಾರೆ. ಅದೇ ಶೇ 8ರಲ್ಲಿ ಕಂತು 526ಕ್ಕೆ ಇಳಿಯುತ್ತದೆ, ಒಟ್ಟು ಕೊಡುವುದು 1,375 ಡಾಲರಿನಷ್ಟು ಏರುತ್ತದೆ. ಬ್ಯಾಂಕು ಹೇಳಿದ ಬಡ್ಡಿಯ ಮೇಲೆ ಒಂದೆರಡು ಅಂಶ ಸೇರಿಸಿ ಹೇಳುವುದು ಡೀಲರುಗಳಲ್ಲಿ ಇರುವ ಪದ್ಧತಿ, ಆ ಹೆಚ್ಚಿನ ಬಡ್ಡಿಯಲ್ಲಿ ಅವರಿಗೂ ಪಾಲಿದೆ. ಆದ್ದರಿಂದ ಮೊದಲೇ ನಿನ್ನ ಕ್ರೆಡಿಟ್ ಯೂನಿಯನ್ನಿಗೆ ಹೋಗಿ ಸಾಲ ಮಂಜೂರು ಮಾಡಿಸಿಕೊಂಡು, ಆ ಪತ್ರ ಚೀಲದಲ್ಲಿಟ್ಟುಕೊಂಡು ಹೋಗು. ಅವರು ಅದಕ್ಕಿಂತ ಕಡಿಮೆ ಬಡ್ಡಿ ಕೊಟ್ಟರೆ ಸಂತೋಷವಾಗಿ ತೆಗೆದುಕೋ. ಹೋಗುವ ಮೊದಲು ಊಟ ಮಾಡಿಕೊಂಡು ಹೋಗು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡ.

ಸಹಿ ಹಾಕಿದ ಮೇಲೆ 3 ದಿನದಲ್ಲಿ ವಾಪಸು ಕೊಡಬಹುದು ಎಂದು ಯಾರೋ ಹೇಳಿದ್ದು ಕೇಳಿರಬಹುದು. ಕೇಂದ್ರ ಸರ್ಕಾರದ ಆ ನಿಯಮ ಮನೆ ಬಾಗಿಲಿಗೆ ಬಂದು ಮಾರುವವರಿಗೆ; ಶೋರೂಮಿಗೆ ಹೋಗಿ ಕೊಂಡ ಕಾರಿಗೆ ಅನ್ವಯಿಸುವುದಿಲ್ಲ. ಇಮೇಲಿನಲ್ಲಿ ಬಂದ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು, ಕರಾರು ಪತ್ರದ ಒಂದೊಂದು ಸಾಲನ್ನೂ ಬೆರಳಿಟ್ಟು ಓದು. ಅವರು ಗಡಿಯಾರ ನೋಡಿದರೆ ನೋಡಲಿ.

ಒಂದು ವಿಷಯ ಮರೆಯಬೇಡ. ನಿನ್ನ ಎದುರು ಕೂರುವ ಸೇಲ್ಸ್ ಹುಡುಗನಿಗೋ ಹುಡುಗಿಗೋ ಕಮಿಷನ್ನೇ ಸಂಬಳ. ಲಾಭವಿಲ್ಲದ ಕಾರು ಮಾರಿದರೆ ಅವರಿಗೆ ಸಿಗುವುದು ಪುಡಿಗಾಸು. ಅವರ ಮೇಲೆ ದನಿ ಎತ್ತಬೇಡ, ಸುಳ್ಳು ಬೆಲೆ ಹೇಳಬೇಡ, ಕೊಳ್ಳುವ ಮನಸ್ಸಿಲ್ಲದ ಕಡೆ ಗಂಟೆಗಟ್ಟಲೆ ಕೂತು ಅವರ ಶನಿವಾರ ಹಾಳು ಮಾಡಬೇಡ. ಚೆನ್ನಾಗಿ ಗೇರು, ಕ್ಲಚ್ಚು ತೋರಿಸಿ ಟೆಸ್ಟ್ ಡ್ರೈವ್ ಕೊಟ್ಟವರು ಬೇರೆಯವರಿಗಿಂತ ನೂರಿನ್ನೂರು ಹೆಚ್ಚು ಹೇಳಿದರೆ ಅವರ ಹತ್ತಿರವೇ ಕೊಳ್ಳು ಎಂದೇ ನಾನು ಹೇಳುತ್ತೇನೆ. ನಾಳೆ ಸರ್ವಿಸಿಗೆ ಹೋಗಬೇಕಾದದ್ದೂ ಅಲ್ಲಿಗೇ. ಕೊನೆಯ ಡಾಲರಿನ ತನಕ ಹಿಂಡಿ ಗೆದ್ದೆ ಎನ್ನುವುದರಲ್ಲಿ ಸುಖವಿಲ್ಲ. ಮೋಸಹೋಗದೆ, ಮೋಸಮಾಡದೆ, ನಿನಗೆ ತಿಳಿದ ಬೆಲೆಗೆ ಕೊಂಡೆ ಎನ್ನುವುದು ಸಾಕು.

ಇಷ್ಟು ಮಾಡಿಯೂ ರಿಯಾಯಿತಿ ಸಿಗದೆ ಹೋಗಬಹುದು. ಸೋಲ್ ರೆಡ್, ಮ್ಯಾನ್ಯುಯಲ್, ಎರಡೂ ಒಂದೇ ಕಾರಿನಲ್ಲಿ ಬೇಕೆಂದರೆ ಸುತ್ತಮುತ್ತ ಒಂದೋ ಎರಡೋ ಇರುತ್ತವೆ. ಆಗ ಕಾಯುವವಳು ನೀನಾಗುತ್ತೀ. ಅಂಥ ಹೊತ್ತಿನಲ್ಲಿ ಬಣ್ಣ ಬದಲಿಸಲು ಆಗುತ್ತದೆಯೇ ಎಂದು ನಿನ್ನನ್ನು ನೀನೇ ಕೇಳಿಕೋ. ಇಲ್ಲ, ಕೆಂಪೇ ಬೇಕು ಎಂದು ಮನಸ್ಸು ಹೇಳಿದರೆ ಸ್ಟಿಕ್ಕರ್ ಬೆಲೆ ಕೊಟ್ಟು ತೆಗೆದುಕೋ, ನಾನು ಬೈಯುವುದಿಲ್ಲ. ಸ್ಟಿಕ್ಕರಿನ ಮೇಲೆ ಮಾತ್ರ ಒಂದು ಡಾಲರನ್ನೂ ಕೊಡಬೇಡ. 1989ರಿಂದ ಈ ತನಕ ಅವರು ಹತ್ತು ಲಕ್ಷಕ್ಕೂ ಹೆಚ್ಚು ಮಿಯಾಟಾ ಮಾಡಿದ್ದಾರೆ. ನಿನಗೊಂದು ಉಳಿಯದೆ ಹೋಗುವುದಿಲ್ಲ.

ಹಾಗಾಗಿ ಈ ಶನಿವಾರ ಹೋಗು, ಓಡಿಸಿ ನೋಡು, ಚೆಕ್ ಪುಸ್ತಕ ಮನೆಯಲ್ಲೇ ಬಿಟ್ಟು ಹೋಗು. "ಈ ಬೆಲೆ ಇವತ್ತಿಗೆ ಮಾತ್ರ" ಎಂದರೆ, "ಪರವಾಗಿಲ್ಲ, ನಾಳೆಯ ಬೆಲೆಯನ್ನು ಇಮೇಲ್ ಮಾಡಿ" ಎಂದು ನಗುತ್ತಾ ಎದ್ದು ಬಾ. ಅವರಿಂದ ಬಂದ ಹಾಳೆಗಳನ್ನೆಲ್ಲ ನನಗೆ ಕಳಿಸು. ನಿವೃತ್ತನಾದವನಿಗೆ ಬೇರೇನು ಕೆಲಸ, ಸಾಲುಸಾಲು ಕೂಡಿ ಕಳೆದು ಹೇಳುತ್ತೇನೆ. ಸಹಿ ಹಾಕುವ ದಿನ ಆ ಕೋಣೆಯಲ್ಲಿ ಏನಾದರೂ ಅರ್ಥವಾಗದಿದ್ದರೆ ಪೆನ್ನು ಕೆಳಗಿಟ್ಟು ಫೋನ್ ಮಾಡು, ಎಷ್ಟು ಹೊತ್ತಾದರೂ ಎತ್ತುತ್ತೇನೆ. ಕೊಂಡ ಮೇಲೆ ಮೊದಲ ಫೋಟೋ ನಿನ್ನ ಅಮ್ಮನಿಗೆ ಕಳಿಸು, ನನಗೆ ಆಮೇಲೆ ಸಾಕು. ಮಳೆಯಲ್ಲಿ ಜೋರಾಗಿ ಓಡಿಸಬೇಡ. ಚೆನ್ನಾಗಿರು.

ಇಂತಿ ನಿನ್ನ ಪ್ರೀತಿಯ
ಮಾವ